ನೂರಾ ನಾಲ್ಕು ಕಿಲೋ

ಎಲ್ಲದಕ್ಕೂ ಕಾರಣ ಒಂದು ತುಂಡು ಕೇಕು. ಡಾಕ್ಟರು ಸಿಹಿ ಬಿಡಿಸಿದಂದಿನಿಂದ ಗಡಿಯಾರ ರಿಪೇರಿಯವನಿಗೆ ಕನಸಿನಲ್ಲೂ ಅದೇ. ಮದುವೆಯಾದ ದಿನವೆಂದು ಇವತ್ತು ಹೆಂಡತಿ ಕೇಕು ಮಾಡಿದ್ದಳು. ಗಂಡ ಬಾಯಲ್ಲಿ ನೀರೂರಿಸಿಕೊಂಡು ಸುತ್ತುವುದನ್ನು ನೋಡಿ ಅವಳಿಗೆ ಕರುಣೆ ಬಂತು.

"ಕೆಳಗಿನ ಮಷೀನ್ ಮೇಲೆ ಮುನ್ನೂರು ಕ್ಯಾಲರಿ ಕರಗಿಸಿ ಬನ್ನಿ, ಒಂದು ತುಂಡು ಕೊಡ್ತೀನಿ. ಒಂದು ಕಮ್ಮಿ ಆದ್ರೂ ಇಲ್ಲ!"

ಕಟ್ಟಡದ ಕೆಳಗಿನ ಕೋಣೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ನಡಿಗೆ ಯಂತ್ರವಿತ್ತು. ಅವನು ಹಸಿರು ಗುಂಡಿ ಒತ್ತಿ, ಹಿಡಿಗೆ ಜೋತುಬಿದ್ದು ನಡೆದ. ನಲವತ್ತು ನಿಮಿಷಕ್ಕೇ ಮುನ್ನೂರು! "ಒಂದು ತುಂಡು ಕೇಕು ನಂದೇ!" ಎಂದು ಕೂಗಿದ.

"ಈ ಕಡ್ಡಿ ಪೈಲ್ವಾನನಿಗೆ ಮುನ್ನೂರಾ?" ಎದುರು ಮನೆಯ ಟೈಲರಮ್ಮ ಇಣುಕಿ ಕಿರುಚಿದಳು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಓಡಿಬಂದರು.

"ಮಷೀನಿಗೇನು ನಮ್ಮ ಬೆವರು ಕಾಣತ್ತಾ? ತೂಕ ಎಷ್ಟು ಅಂತ ಒತ್ತಿರ್ತೀವೋ ಅದರ ಮೇಲೆ ಅಂದಾಜು ಹಾಕತ್ತೆ, ತೂಕ ಜಾಸ್ತಿ ಆದ್ರೆ ಕ್ಯಾಲರಿನೂ ಜಾಸ್ತಿ. ನಾವು ಒತ್ತದಿದ್ರೆ ಹಿಂದೆ ನಡೆದೋರದ್ದೇ ಉಳಿದಿರತ್ತೆ," ಎನ್ನುತ್ತ ಟೈಲರಮ್ಮ ಗುಂಡಿ ಒತ್ತಿದಳು. ಪರದೆಯ ಮೇಲೆ ನೂರಾ ನಾಲ್ಕು ಕಿಲೋ ಮೂಡಿತು. "ಅಯ್ಯಯ್ಯೋ! ಯಾರ್ದಿದು?"

ಗಡಿಯಾರದವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ದಿನಾ ಬೆಳಿಗ್ಗೆ ನಡೆಯಲು ಇಳಿಯುವವಳು ಹೆಂಡತಿ. ಕೇಳಿದವರಿಗೆಲ್ಲ ತನ್ನ ತೂಕ ಅರವತ್ತೈದು ಕಿಲೋ ಎನ್ನುವವಳೂ ಅವಳೇ. ಕೇಕು ಉಳಿಸಿಕೊಳ್ಳಲೋ, ಹೆಂಡತಿಯ ಮಾನ ಉಳಿಸಲೋ?

"ನಾನೇ ಒತ್ತಿದ್ದು," ಎಂದುಬಿಟ್ಟ.

"ನಂಗೊತ್ತಿತ್ತು!" ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡು ಗುಡುಗಿದರು. "ಒಂದು ತುಂಡು ಕೇಕಿಗೆ ಇಂಥಾ ಮೋಸನೇನ್ರೀ?"

ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಮನೆ ತಲುಪಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸುಳ್ಳು ಹೇಳಿದ್ದು ನಿನಗೋಸ್ಕರ ಕಣೇ," ಎಂದು ಪಿಸುಗುಟ್ಟಿದ. "ಆ ನೂರಾ ನಾಲ್ಕು ನಿಂದು ಅಂತ ಯಾರಿಗೂ ಗೊತ್ತಾಗಬಾರದಲ್ಲ."

"ನಂದಾ? ನಾನು ಬೆಳಿಗ್ಗೆ ಇಳಿಯೋದು ಟೈಲರಮ್ಮನ ಜೊತೆ ಹರಟೋಕೆ! ಆ ಮಷೀನ್ ಮುಟ್ಟೇ ಇಲ್ಲ." ತಟ್ಟನೆ ಅವಳ ದನಿ ತಣ್ಣಗಾಯಿತು. "ಅಂದ್ರೆ, ನೂರಾ ನಾಲ್ಕು ಅಂದ ತಕ್ಷಣ ನಿಮಗೆ ನನ್ನ ನೆನಪಾಯ್ತು?"

ಗಡಿಯಾರದವನು ಮೆಲ್ಲಗೆ ಕೇಕಿನ ತಟ್ಟೆಯತ್ತ ಸರಿದ.

ಮೋಸ ಬಯಲಿಗೆಳೆದ ಮೇಷ್ಟ್ರನ್ನು ಕರೆಸಿ, ಹೆಂಡತಿ ಅವನ ಪಾಲಿನ ತುಂಡನ್ನು ಅವರ ಕೈಗಿಟ್ಟಳು. ಅವರು ಬಾಯಿ ಚಪ್ಪರಿಸಿದರು.

"ನಂಗೇನಮ್ಮಾ ಭಯ? ದಿನಾ ಐದಕ್ಕೇ ಎದ್ದು ಮಷೀನ್ ಮೇಲೆ ನಡೀತೀನಿ. ಇವತ್ತೂ ಇವರಿಗಿಂತ ಮುಂಚೆ ನಡೆದಿದ್ದು ನಾನೇ."

ಗಡಿಯಾರದವನು ಬೆಚ್ಚಿಬಿದ್ದು ಬಾಯಿ ತೆರೆದ.

"ನೀವು ಸುಮ್ನೆ ಬಾಯಿ ಮುಚ್ಚಿ!" ಎಂದಳು ಹೆಂಡತಿ. "ಮೇಷ್ಟ್ರೇ, ಇನ್ನೊಂದು ತುಂಡು?"