ಪೆಟ್ಟಿಗೆ ಬಿಟ್ಟು ಹೋಗದ ಗಾಳಿಯವರಲ್ಲಿ ಒಂದು ಅರಿಕೆ

ನಮ್ಮ ಪ್ರಯೋಗಶಾಲೆಯ ಉಕ್ಕಿನ ಪೆಟ್ಟಿಗೆಯಲ್ಲಿ ಪಂಪಿಗೂ ಬಗ್ಗದೆ ಉಳಿದಿರುವ ಮಾನ್ಯ ಗಾಳಿಯವರೇ,

ತಾವು ಎಲ್ಲೆಲ್ಲೂ ಇರುವುದರಿಂದ ಈ ಪತ್ರಕ್ಕೆ ವಿಳಾಸ ಹುಡುಕುವ ಕಷ್ಟ ಬರಲಿಲ್ಲ, ಅದಕ್ಕೆ ಮೊದಲ ವಂದನೆ. ಪಂಪುಗಳು ವಾರವಿಡೀ ಹೀರಿದರೂ, ಊಟವಾದ ಮೇಲೂ ಏಳದ ನೆಂಟರಂತೆ ತಮ್ಮ ಕಡೆಯ ಕೆಲವರು ಒಳಗೇ ಕುಳಿತಿದ್ದರಲ್ಲ, ಆ ಛಲಕ್ಕೆ ಇನ್ನೊಂದು.

ವಿಷಯ ತಮಗೆ ತಿಳಿಯದ್ದೇನಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಕಣಗಳನ್ನು ನಾವು ಆ ಪೆಟ್ಟಿಗೆಯೊಳಗೆ ಒಂದೊಂದಾಗಿ ಬೀಳಿಸುತ್ತೇವೆ. ಯಾರೂ ಮುಟ್ಟದೆ, ಯಾರೂ ನೋಡದೆ ಇದ್ದರೆ ಒಂದೇ ಕಣ ನಡುವೆ ಅಡ್ಡವಿಟ್ಟ ತಗಡಿನ ಎಡದ ಸೀಳಿನಲ್ಲೂ ಬಲದ ಸೀಳಿನಲ್ಲೂ ಒಟ್ಟಿಗೇ ಹಾದುಹೋಗುತ್ತದೆ. ಹಾಗೆ ಹೋದ ಕಣಗಳೆಲ್ಲ ಸೇರಿ ಕೆಳಗಿನ ಫಲಕದ ಮೇಲೆ ಪಟ್ಟೆ ಪಟ್ಟೆಯಾಗಿ ಗುರುತು ಮೂಡಿಸುತ್ತವೆ. ಮೊನ್ನೆ ನಿರ್ದೇಶಕರು ಆ ಪಟ್ಟೆ ನೋಡಲೆಂದೇ ಬಂದಿದ್ದರು. ಪಟ್ಟೆ ಕಂಡರೆ ಪ್ರಯೋಗದ ಕೋಣೆ ನಮಗೇ ಉಳಿಯುವುದು, ಕಾಣದಿದ್ದರೆ ಅದು ನೌಕರರ ಚಹಾ ಕೋಣೆಯಾಗುವುದು ಎಂದು ತೀರ್ಮಾನವಾಗಿತ್ತು. ತಾವು ಅಷ್ಟು ಹೊತ್ತು ಸುಮ್ಮನಿರಬಾರದಿತ್ತೇ? ಬಿದ್ದ ಕಣಕ್ಕೆಲ್ಲ ಭುಜ ತಾಗಿಸಿ, ಅದು ಯಾವ ಸೀಳಿನಲ್ಲಿತ್ತೆಂದು ಪತ್ತೆ ಹಚ್ಚಿ, ಹೋಗಿ ಗೋಡೆಗೆ ಚಾಡಿ ಹೇಳಿದಿರಿ. ಗುಟ್ಟು ರಟ್ಟಾದ ಮೇಲೆ ಕಣಗಳು ಮರ್ಯಾದಸ್ಥರಂತೆ ಒಂದೊಂದೇ ದಾರಿ ಹಿಡಿದವು, ಫಲಕದ ಮೇಲೆ ಉಳಿದದ್ದು ಬರೀ ಮಬ್ಬು ಕಲೆ. ನಿರ್ದೇಶಕರು ಕನ್ನಡಕ ಒರೆಸಿಕೊಂಡು, "ಚಹಾದ ಒಲೆ ಎಲ್ಲಿಡೋಣ?" ಎಂದು ಕೇಳಿದರು.

ತಮ್ಮ ಉಪಕಾರ ಮರೆಯುವಷ್ಟು ಕೃತಘ್ನ ನಾನಲ್ಲ. ಕುರ್ಚಿ ಇಟ್ಟಲ್ಲೇ ಇರುವುದು, ನಮ್ಮ ಅತ್ತೆಯವರು ಅಡುಗೆಮನೆಯಲ್ಲೂ ಹೊಸ್ತಿಲಲ್ಲೂ ಏಕಕಾಲಕ್ಕೆ ನಿಂತಿರದೇ ಇರುವುದು, ಎಲ್ಲವೂ ತಾವು ಬಿಡದೆ ಮುಟ್ಟಿ ನೋಡಿ ಹೇಳುವ ಚಾಡಿಯ ಕೃಪೆ. ಆ ಸಂಜೆ ನಾನು ಗೆದ್ದವನ ಮುಖವೂ ಸೋತವನ ಮುಖವೂ ಅಲ್ಲದ ಒಂದು ಮುಖ ಹೊತ್ತು ಮನೆಗೆ ಹೋದೆ. ಬಾಗಿಲು ತೆರೆದ ಹೆಂಡತಿ ಒಮ್ಮೆ ನೋಡಿದಳು, "ಕೋಣೆ ಹೋಯ್ತಾ?" ಎಂದಳು. ಇಷ್ಟು ವರ್ಷ ಆ ಕೋಣೆಯಲ್ಲಿ ಬೆನ್ನು ಬಗ್ಗಿಸಿದವನಿಗೆ ಅಳುವೇ ಬಂತು.

ಆದ್ದರಿಂದ ಕೋರಿಕೆ ಇಷ್ಟೇ: ಒಲೆ ಬರುವ ಮೊದಲು ಒಂದು ಮಧ್ಯಾಹ್ನ ತಾವು ಸಕುಟುಂಬ ಹೊರಗೆ ಹೋಗಿಬನ್ನಿ, ಆಗದಿದ್ದರೆ ಕಣ ಎದುರಾದಾಗ ಕಣ್ಣು ಮುಚ್ಚಿಕೊಳ್ಳಿ, ಅದೂ ಆಗದಿದ್ದರೆ ಕಂಡದ್ದನ್ನು ದಯವಿಟ್ಟು ಮರೆತುಬಿಡಿ.

ಇಂತಿ, ಇನ್ನೂ ಆಸೆ ಬಿಡದ
ತಮ್ಮ ವಿಶ್ವಾಸಿ,
ಕಣ ಬೀಳಿಸುವವನು

ತಾ.ಕ.: ತಮ್ಮೊಂದಿಗೆ ಎಲ್ಲ ಸಂಬಂಧ ಕಡಿದುಕೊಳ್ಳಬೇಕೆಂದು ನಿನ್ನೆ ಬಾಯಿ ಮೂಗು ಮುಚ್ಚಿ ಕುಳಿತೆ. ಒಂದು ನಿಮಿಷವೂ ಆಗಿರಲಿಲ್ಲ, ನಾನೇ ಸೋತು ತಮ್ಮನ್ನು ಒಳಗೆ ಕರೆದುಕೊಂಡೆ. ಅದನ್ನೂ ಇಷ್ಟರಲ್ಲಿ ಊರಿಗೆಲ್ಲ ಹೇಳಿ ಮುಗಿಸಿರುತ್ತೀರಿ.