ಆರಿಸಿಕೊಳ್ಳಲು ತಂದ ಹಾರ್ಡ್ ಡಿಸ್ಕುಗಳು

ಇವತ್ತು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ನಳದ ನೀರಿಗೆ ಕಾದು ಕಾದು ಕೊನೆಗೆ ಬೋರಿನ ನೀರನ್ನೇ ತಂದೆ, ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ, ಅತ್ತೆಯವರ ಸೆರಗಿನ ಹರಕಿಗೆ ಹೊಲಿಗೆ ಹಾಕಿದೆ, ಇದರ ನಡುವೆ ನಮ್ಮ ಮನೆಯವರು ಹಾರ್ಡ್ ಡಿಸ್ಕು ಆರಿಸುವುದನ್ನೂ ನೋಡಿದೆ. ಗಂಡಸರು ಒಂದು ವಸ್ತು ಆರಿಸುವುದನ್ನು ನೋಡುವುದೂ ಮನೆಗೆಲಸವೇ. ಅದಕ್ಕೆ ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ.

ನಮ್ಮವರದು ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಮದುವೆಗಳ ವಿಡಿಯೋ ತೆಗೆಯುತ್ತಾರೆ. ಮಿಕ್ಸಿಂಗ್ ಮಾಡುವ ಕಂಪ್ಯೂಟರು ಇರುವುದು ನಮ್ಮ ಪಡಸಾಲೆಯಲ್ಲಿ. ನಮ್ಮ ಕಡೆ ಮದುವೆ ಎಷ್ಟು ಅವಸರದಲ್ಲಿ ಆಗುತ್ತದೋ, ಸಿಡಿ ಒಯ್ಯುವುದು ಅಷ್ಟೇ ನಿಧಾನ. ಕೂಸು ಅಂಬೆಗಾಲಿಡುವ ಹೊತ್ತಿಗೆ ಬಂದು, "ಯಣ್ಣಾ, ನಮ್ಮ ಮದುವಿ ರೆಡಿ ಐತೇನು?" ಎನ್ನುತ್ತಾರೆ. ನೋಡಿ, ಇದರಲ್ಲಿ ಸೋದರಮಾವ ಕಾಣುತ್ತಿಲ್ಲ, ಬೀಗಿತ್ತಿ ನಕ್ಕಿಲ್ಲ ಎಂದು ಸಿಡಿಯನ್ನು ನಮ್ಮಲ್ಲೇ ಇಟ್ಟುಹೋಗುತ್ತಾರೆ. ಹೀಗೆ ಮೂರು ತಾಲೂಕಿನ ಮದುವೆಗಳನ್ನು ನುಂಗಿದ ಕಂಪ್ಯೂಟರಿನಲ್ಲಿ ಚಿಗಟೇರಿಯ ಹೊಸ ಮದುವೆ ಇಳಿಸಲು ಜಾಗವೇ ಇರಲಿಲ್ಲ.

ನಮ್ಮವರು ದಾವಣಗೆರೆಗೆ ಹೋಗಿ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕು ತರುವ ಬದಲು ಎರಡನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದರು. ಅಂಗಡಿಯವರು ದೂರದ ಬೀಗರು. "ಮನಿಗೆ ಒಯ್ದು ಎಲ್ಲಾರಿಗೂ ತೋರಿಸ್ರಿ, ಬ್ಯಾಡಾದದ್ದು ನಾಳೆ ತಂದುಕೊಡ್ರಿ" ಎಂದರಂತೆ. ಸೀರೆಯನ್ನು ಹೀಗೆ ತರುವುದುಂಟು. ಪುಣ್ಯಕ್ಕೆ ಇದಕ್ಕೆ ಸೆರಗು ಬಿಚ್ಚಿ ತೋರಿಸಬೇಕಿರಲಿಲ್ಲ.

ಒಂದು ಕಪ್ಪು, ದಪ್ಪ, ಗೋಡೆಯ ಪ್ಲಗ್ಗಿಗೆ ಚುಚ್ಚಲು ತನ್ನದೇ ವಯರು. ಪೋರ್ಟಬಲ್ ಎಂದರೆ ಹೊತ್ತೊಯ್ಯಬಹುದಾದದ್ದಂತೆ. ಇಬ್ಬರು ಕೈಹಚ್ಚಿದರೆ ನಮ್ಮ ರುಬ್ಬುವ ಕಲ್ಲೂ ಪೋರ್ಟಬಲ್ಲೇ. ಇನ್ನೊಂದು ಬೆಳ್ಳಿ ಬಣ್ಣದ್ದು, ಅಂಗೈಯಗಲ. ಎರಡರಲ್ಲೂ ಹಿಡಿಸುವುದು ಅಷ್ಟಷ್ಟೇ.

"ಈ ಸಣ್ಣದಕ್ಕ ಬ್ಯಾರೆ ಕರೆಂಟ್ ಬ್ಯಾಡ ನೋಡು" ಎಂದರು ನಮ್ಮವರು.

"ಕಂಪ್ಯೂಟರಿಗೆ?"

"ಅದಕ್ಕ ಬೇಕಲ್ಲ."

"ಮತ್ತ ಕರೆಂಟ್ ಹೋದಾಗ ಇದೊಂದು ಎದ್ದು ಕುಂತು ಏನ್ ಮಾಡ್ತೈತ್ರಿ?"

"ನಿನಗ ಇದೆಲ್ಲ ತಿಳಿಯಂಗಿಲ್ಲ. ಚಾ ಮಾಡು ಹೋಗು."

ಮಾಡಿದೆ. ತಿಳಿಯದವರ ಕೈಯ ಚಹಾ ಇವರಿಗೆ ಬಹಳ ರುಚಿ.

ಅತ್ತೆಯವರು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದರು. "ಲೇ ಬಸ್ಯಾ, ಕರೀದು ತಗೋ. ಕೈಗೆ ಭಾರ ಹತ್ತತೈತಿ. ಹಗುರಿದ್ದದ್ದು ಬಾಳಿಕಿ ಬರಂಗಿಲ್ಲ." ಹಿಂದಿನ ಓಣಿಯಲ್ಲಿರುವ ನಾದಿನಿ ಗಂಗಾ ಬಂದವಳು, "ಮದುವಿ ತುಂಬಿಡೋ ಡಬ್ಬಿ ಕರೀದ್ಯಾಕಣ್ಣಾ? ಬೆಳ್ಳೀದು ಇರ್ಲಿ" ಎಂದಳು. ಒಬ್ಬರಿಗೆ ತೂಕ, ಒಬ್ಬರಿಗೆ ಬಣ್ಣ. ಒಳಗೇನಿದೆ ಎಂದು ಕೇಳಿದವರು ಯಾರೂ ಇಲ್ಲ. ನಾವು ಹೆಣ್ಣು ನೋಡಿ ಬರುವುದೂ ಹೀಗೆಯೇ.

"ಯಾವುದಾದ್ರೂ ಒಂದು ಸಾಕು" ಎಂದರು ನಮ್ಮವರು. "ಗಿರಾಕಿ ಮದುವಿ ಇದಕ್ಕ ಹಾಕ್ತೀನಿ. ಮನಿ ವಿಡಿಯೋ ಎಲ್ಲಾ ಅಳಿಸಿಬಿಡ್ತೀನಿ. ಹಳೇವು, ಯಾರ್ ನೋಡ್ತಾರ ಅವನ್ನ?"

ಆ ಹಳೆಯವುಗಳಲ್ಲಿ ನನ್ನ ಮಗಳ ತೊಟ್ಟಿಲ ಕಾರ್ಯವಿದೆ. ಅದರಲ್ಲಿ ನಮ್ಮ ಅಪ್ಪ ಇದ್ದಾರೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಸೆದಾಯಿತು, ಅಪ್ಪನೂ ಈಗಿಲ್ಲ. ಅವರು ಮಾತಾಡುವುದು ಆ ಕಂಪ್ಯೂಟರಿನಲ್ಲಿ ಮಾತ್ರ.

ಜಗಳ ತೆಗೆಯಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಜಗಳವಾಡಿ ಗೆದ್ದದ್ದು ನನಗೆ ನೆನಪಿಲ್ಲ, ಸುಮ್ಮನಿದ್ದು ಗೆದ್ದದ್ದು ಅವರಿಗೆ ನೆನಪಿಲ್ಲ. ಅಣ್ಣ ತಂಗಿ ಕಪ್ಪು ಬಿಳುಪಿನ ವಾದ ಹಚ್ಚಿಕೊಂಡು ಹೊರಗಿನ ಕಟ್ಟೆಗೆ ಹೋದಾಗ ಅತ್ತೆಯವರ ಹತ್ತಿರ ಕೂತು, "ಅತ್ತಿ, ಇವತ್ತು ಸೋಮವಾರ. ಹೊಸಾ ವಸ್ತು ಮನಿಗೆ ಬಂದಾವು. ಹಂಗೇ ಇಡೂದೇನ್ರಿ?" ಎಂದೆ. ಅಷ್ಟೇ ಅಂದದ್ದು.

ಅವರಿಬ್ಬರೂ ಒಳಗೆ ಬರುವಾಗ ಹಾರ್ಡ್ ಡಿಸ್ಕುಗಳೆರಡೂ ದೇವರ ಮುಂದೆ ಮಣೆಯ ಮೇಲೆ ಕೂತಿದ್ದವು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಕಾಯಿಯೂ ಒಡೆದಾಗಿತ್ತು.

"ಯವ್ವಾ! ಒಂದನ್ನ ವಾಪಸ್ ಕೊಡಬೇಕಲ್ಲ!"

"ಪೂಜಿ ಆದದ್ದನ್ನ ಹೊಸ್ತಿಲ ದಾಟಿಸ್ತಾರೇನಲೇ?"

"ಅಂಗಡ್ಯಾವ್ರಿಗೆ ಏನ್ ಹೇಳ್ಲಿ?"

"ದ್ಯಾವ್ರಿಗೆ ಏನ್ ಹೇಳ್ತಿ, ಮೊದ್ಲು ಅದನ್ನ ಹೇಳು."

ನಮ್ಮವರು ಒದ್ದೆ ಬಟ್ಟೆಯಿಂದ ಕದ್ದು ಒರೆಸಿ ನೋಡಿದರು. ಕಪ್ಪಿನ ಗೀರುಗಳಲ್ಲಿ ವಿಭೂತಿ ಹೊಕ್ಕು ಅದು ಇನ್ನಷ್ಟು ಭಕ್ತಿಯಿಂದ ಹೊಳೆಯಿತು. "ನೀನರ ತಡೀಬಾರದಾಗಿತ್ತಾ?" ಎಂದು ನನ್ನ ಮೇಲೆ ಹರಿಹಾಯ್ದರು.

"ನನಗ ಇದೆಲ್ಲ ತಿಳಿಯಂಗಿಲ್ಲಲ್ರಿ" ಎಂದೆ.

ಕಪ್ಪು ಡಬ್ಬಿಗೆ ಗಿರಾಕಿಗಳ ಮದುವೆ, ಬೆಳ್ಳಿಯದಕ್ಕೆ ಮನೆಯ ವಿಡಿಯೋ ಹೋದವು. ಸಂಜೆ ಎಲ್ಲರೂ ಅತ್ತಿತ್ತ ಹೋದಾಗ ಒಬ್ಬಳೇ ಕೂತು ತೊಟ್ಟಿಲ ಕಾರ್ಯ ಹಚ್ಚಿದೆ. ಎಷ್ಟೋ ವರ್ಷವಾಗಿತ್ತು ನೋಡಿ. ಅಪ್ಪ ಬಂದರು, ರುಮಾಲು ಸರಿಮಾಡಿಕೊಂಡರು, ಕ್ಯಾಮೆರಾ ನೋಡಿ "ನನ್ನ ಮೊಮ್ಮಗಳು..." ಎಂದು ಶುರು ಮಾಡಿದರು. ಅಷ್ಟರಲ್ಲಿ ಹಸಿರು ಸೀರೆಯ ಅಗಲವಾದ ಬೆನ್ನೊಂದು ಅಡ್ಡ ಬಂದು ನಿಂತಿತು. ನಿಂತದ್ದು ಕದಲಲೇ ಇಲ್ಲ. "ಅಪ್ಪಾ, ಆಕಡಿ ಸರಿಯಪ್ಪಾ, ಉಸುಳಿ ತಾಟು ಇಡಬೇಕು" ಎಂದು ಗದರಿತು. ಬೆನ್ನು ಸರಿಯುವ ಹೊತ್ತಿಗೆ ಅಪ್ಪ ಊಟಕ್ಕೆ ಹೋಗಿದ್ದರು. ಬೆನ್ನು ನನ್ನದು. ದೇವರನ್ನೂ ಅತ್ತೆಯನ್ನೂ ಒಳಗೆ ಮಾಡಿಕೊಂಡು ನಾನು ಇಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದು ಬಹುಪಾಲು ಆ ಬೆನ್ನನ್ನೇ. ಆದರೆ ಅದರ ಹಿಂದಿನಿಂದ ಅಪ್ಪ ನಗುವುದು ಕೇಳುತ್ತದೆ. ಎರಡು ಸಲ ಹಚ್ಚಿ ಕೇಳಿದೆ.

ರಾತ್ರಿ ರೊಟ್ಟಿ, ಪುಂಡಿ ಪಲ್ಯ, ಪೂಜೆಗೆ ಒಡೆದ ಕಾಯಿಯ ಚಟ್ನಿ. ನಮ್ಮವರು ಒಂದು ರೊಟ್ಟಿ ಕಡಿಮೆ ತಿಂದು, ಎಲ್ಲರಿಗಿಂತ ಮೊದಲು ಮಲಗಿದರು.