ಪವರ್ ಅನಲೈಸರ್ ಅವರ ಸನ್ನಿಧಿಗೆ, ಒದ್ದೆ ಲಂಗೋಟಿಗಳ ಪರವಾಗಿ

ಗೂಡಲೂರು,
ಆಗಸ್ಟ್ 2003

ಕರೆಂಟಿನ ಲೆಕ್ಕ ಹಿಡಿಯುವ ಯಂತ್ರೋತ್ತಮರಾದ ಮಾನ್ಯ ಪವರ್ ಅನಲೈಸರ್ ಅವರೇ,

ಕೊಯಮತ್ತೂರಿನಿಂದ ಘಾಟಿಯ ತಿರುವುಗಳನ್ನೆಲ್ಲ ಇಂಜಿನಿಯರ್ ಸಂದೀಪ್ ಅವರ ತೊಡೆಯ ಮೇಲೆ ಕುಳಿತು ದಾಟಿ ಬಂದು, ನಮ್ಮ ಎಸ್ಟೇಟಿನ ಟೀ ಫ್ಯಾಕ್ಟರಿಯ ಸ್ವಿಚ್ ರೂಮಿನಲ್ಲಿ ಒಂದು ವಾರ ಬಿಡಾರ ಹೂಡಿ, ನಾವು ಎಲ್ಲೆಲ್ಲಿ ಕರೆಂಟು ಪೋಲು ಮಾಡುತ್ತೇವೆಂದು ಪತ್ತೆ ಹಚ್ಚಿ ಹಿಂತಿರುಗಿದ ತಮಗೆ, ಇದೇ ಎಸ್ಟೇಟಿನ ಶಿಶುವಿಹಾರದ ಆಯಾ ಲಿಂಗಾಜಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಪ್ರಯಾಣದ ಆಯಾಸ ಕಳೆದಿರಬಹುದೆಂದು ನಂಬಿದ್ದೇನೆ. ಇಲ್ಲಿ ನಾನೂ ನನ್ನ ಕೂಸುಗಳೂ ಕ್ಷೇಮ, ಮೂಗು ಸೋರುವುದೊಂದನ್ನು ಬಿಟ್ಟರೆ.

ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಸಾಲದು. ಇಕ್ಕಳದಂಥ ಕೈಗಳಿಂದ ವೈರುಗಳನ್ನು ಹಿಡಿದುಕೊಂಡು, ಅನ್ನ ನೀರು ಕೇಳದೆ, ರೆಪ್ಪೆ ಮುಚ್ಚದೆ ಕುಳಿತು, ಎಲೆ ಅರೆಯುವ ದೊಡ್ಡ ಮೋಟಾರು ಊಟದ ಹೊತ್ತಿನಲ್ಲಿ ಖಾಲಿ ತಿರುಗುವುದನ್ನು ಕಂಡಿರಿ. ಕರೆಂಟಿನ ಭಾರ ಇಳಿಸಬೇಕಾದ ಕೆಪಾಸಿಟರುಗಳು ಎಂದೋ ಸತ್ತು ಗೋಡೆಗೆ ಅಲಂಕಾರವಾಗಿರುವುದನ್ನು ಕಂಡಿರಿ. ಮ್ಯಾನೇಜರ್ ಧರ್ಮಲಿಂಗಂ ಅವರು ಊಟಿಗೆ ಹೋದ ದಿನವೂ ಅವರ ಕೋಣೆಯ ಹೀಟರ್ ಖಾಲಿ ಕುರ್ಚಿಯನ್ನು ಬೆಚ್ಚಗಿಟ್ಟಿದ್ದನ್ನೂ ಕಂಡಿರಿ. ಇಷ್ಟಕ್ಕೇ ನಿಲ್ಲಿಸಿದ್ದರೆ ತಮಗೊಂದು ಹಾರ ಹಾಕಿ ಕಳಿಸುತ್ತಿದ್ದೆ.

ಆದರೆ ತಾವು ಭಾನುವಾರವನ್ನೂ ಬಿಡಲಿಲ್ಲ. ಎಲೆ ಬಾರದ ರಜೆಯ ದಿನ ತಮ್ಮ ಪರದೆಯ ಮೇಲೆ ಒಂದು ಗೆರೆ ಗುಡ್ಡದಂತೆ ಎದ್ದು ನಿಂತಿತಂತೆ. ಧರ್ಮಲಿಂಗಂ ಅವರು ಅದರ ಮೇಲೆ ಬೆರಳಿಟ್ಟು "ಇದು ಯಾವ ಲೋಡು?" ಎಂದು ಗುಡುಗಿದಾಗ, ಫ್ಯಾನುಗಳನ್ನು ನೋಡಿಕೊಳ್ಳುವ ಹಾಲನ್ ಸುಳ್ಳು ಹೇಳಲಾರದೆ ಕಾಲ್ಬೆರಳಿನಿಂದ ನೆಲ ಕೆರೆದನಂತೆ. ಆ ಲೋಡು ನಮ್ಮದು ಸ್ವಾಮಿ. ಬಲೆಯ ಮೇಲೆ ಎಲೆ ಹರವಿ ಅಡಿಯಿಂದ ಗಾಳಿ ಊದಿ ಬಾಡಿಸುವ ಉದ್ದ ತೊಟ್ಟಿಗಳಾದ ಟ್ರಫ್‌ಗಳ ಸಾಲಿನಲ್ಲಿ, ಬಲೆ ಹರಿದು ಎಲೆಗೆ ಬೇಡವಾದ ಕೊನೆಯ ಟ್ರಫ್ ಒಂದಿದೆ. ಮಳೆಗಾಲದ ಭಾನುವಾರಗಳಂದು ಅದರ ಫ್ಯಾನು ಹಾಕಿಸಿ ಕೂಸುಗಳ ಒಗೆದ ಲಂಗೋಟಿಗಳನ್ನು ಒಣಗಿಸುವುದು ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಜೂನ್‌ನಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಆಗಸ್ಟಿನಲ್ಲಿ ಬೂಷ್ಟು ಹಿಡಿದು ಕೈಗೆ ಬರುವ ಊರಿದು. ಬೇರೆ ದಾರಿ ಗೊತ್ತಿದ್ದರೆ ತಾವೇ ತಿಳಿಸಬೇಕು.

ಮುಂದೆ ಆದದ್ದನ್ನು ಕೇಳಿ. ಹೊಸ ಕೆಪಾಸಿಟರಿಗೆ ದುಡ್ಡು ಬೇಕು, ಬರುವ ವರ್ಷ ನೋಡೋಣ ಎಂದಾಯಿತು. ಮೋಟಾರಿನ ಗೊಡವೆಗೆ ಯಾರೂ ಹೋಗಲಿಲ್ಲ. ಹೀಟರು ಆಡಳಿತದ ಅಗತ್ಯವಂತೆ. ನಮ್ಮ ಫ್ಯಾನಿಗೆ ಮಾತ್ರ ಅಂದೇ ಬೀಗ ಬಿತ್ತು, ಫ್ಯಾಕ್ಟರಿ ಉಳಿತಾಯದ ಹಾದಿ ಹಿಡಿದಿದೆಯೆಂದು ನೋಟಿಸ್ ಬೋರ್ಡಿನಲ್ಲಿ ಬರೆದೂ ಆಯಿತು. ಎಲೆ ಕೀಳುವ ಮಾತಿಯ ಎಳೆ ಮಗಳಿಗೆ ಒದ್ದೆ ಬಟ್ಟೆಯಿಂದ ತೊಡೆಯೆಲ್ಲ ಕೆಂಪೆದ್ದಿದೆ. ಮಾತಿ ಮಗುವಿನ ಬಟ್ಟೆಗಳನ್ನು ತನ್ನ ಹೊಟ್ಟೆಗೆ ಸುತ್ತಿಕೊಂಡು ಮಲಗಿ, ಮೈಯ ಕಾವಿನಲ್ಲೇ ಒಣಗಿಸುತ್ತಿದ್ದಾಳೆ. ಅದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ತಾವು ಮತ್ತೊಮ್ಮೆ ದಯಮಾಡಿಸಿ, ಒಂದು ಕೈಯನ್ನು ಮೋಡಕ್ಕೆ ಹಾಕಿ, ಗೂಡಲೂರಿನ ಮೇಲೆ ಎಷ್ಟು ಮಳೆ ಪೋಲಾಗುತ್ತಿದೆಯೆಂದು ಲೆಕ್ಕ ತೆಗೆದು, ಇಂದ್ರನಿಗೂ ಒಂದು ನೋಟಿಸು ಕೊಡಿಸಬೇಕು. ಇನ್ನೊಂದು ಕೈಯನ್ನು ಧರ್ಮಲಿಂಗಂ ಅವರ ಮೀಟಿಂಗಿನ ಭಾಷಣಕ್ಕೆ ಹಾಕಿ, ಅದರಲ್ಲಿ ಕೆಲಸಕ್ಕೆ ಬರುವುದೆಷ್ಟು, ಸುಮ್ಮನೆ ಗುಂಯ್‌ಗುಡುವುದೆಷ್ಟು ಎಂದು ಬೇರ್ಪಡಿಸಬೇಕು. ಇವೆರಡೂ ಆಗದಿದ್ದರೆ, ಫ್ಯಾಕ್ಟರಿಯ ಕರೆಂಟ್ ಬಿಲ್ಲು ಇಳಿಯುವ ತನಕ ಉಚ್ಚೆ ತಡೆದುಕೊಳ್ಳಬೇಕೆಂದು ಕೂಸುಗಳಿಗೆ ತಾವೇ ಬುದ್ಧಿ ಹೇಳಬೇಕು. ನನ್ನ ಮಾತು ಅವು ಕೇಳುವುದಿಲ್ಲ.

ಬಿಸಿಲಿಗಾಗಿ ಕಾದಿರುವ,
ತಮ್ಮ ವಿಶ್ವಾಸಿ
ಲಿಂಗಾಜಮ್ಮ

ತಾ.ಕ.: ಹೇಳಲು ಮರೆತಿದ್ದೆ. ತಾವು ಬಂದ ವಾರ ಘಾಟಿಯ ದಾರಿಯ ನಡುವಟ್ಟಂ ಊರಿನ ಮಳೆಗೆ ತಮ್ಮ ಕ್ಯಾನ್‌ವಾಸ್ ಚೀಲ ನೆನೆದು ತೊಪ್ಪೆಯಾಗಿತ್ತು. ಒದ್ದೆ ಚೀಲದಲ್ಲಿಟ್ಟರೆ ತಮ್ಮ ಆರೋಗ್ಯ ಕೆಡುತ್ತದೆಂದು ಸಂದೀಪ್ ಅವರು ಕೈಮುಗಿದು ಕೇಳಿಕೊಂಡದ್ದರಿಂದ, ಆ ಭಾನುವಾರ ಲಂಗೋಟಿಗಳನ್ನೆಲ್ಲ ಬದಿಗೆ ಸರಿಸಿ, ಫ್ಯಾನಿನ ಎದುರಿಗೇ ತಮ್ಮ ಚೀಲವನ್ನೂ ಅವರ ಕಾಲುಚೀಲಗಳನ್ನೂ ಹರವಿದೆ. ಲಂಗೋಟಿಗಳು ಒಣಗಿದ ಮೇಲೂ ತಮ್ಮ ಚೀಲ ಒಣಗಿರಲಿಲ್ಲವಾಗಿ ಸಂಜೆಯ ತನಕ ಫ್ಯಾನು ಓಡಿಸಬೇಕಾಯಿತು. ತಾವು ಹಿಡಿದುಕೊಟ್ಟ ಕಳ್ಳತನದಲ್ಲಿ ದೊಡ್ಡ ಪಾಲು ತಮ್ಮದೇ. ಮುಂದಿನ ಮಳೆಗಾಲಕ್ಕೆ ಬರುವುದಾದರೆ ಒದ್ದೆಯಾಗಿಯೇ ಹಿಂತಿರುಗಬೇಕಾದೀತು. ಒಣಗಿಸಿಕೊಡಲು ನನಗೆ ಅಪ್ಪಣೆಯಿಲ್ಲ.